ಗ್ರಂಥಸಂಪಾದಕನ ಲೇಖನಿ ಮತ್ತು ವಚನದ ಪಾಠ

ಪ್ರಾಚೀನ ಗ್ರಂಥವೊಂದು ಅಚ್ಚಿನ ಮನೆಯನ್ನು ಸೇರುವ ಮೊದಲು ಒಬ್ಬ ಸಂಪಾದಕನ ಕೈಯನ್ನು ದಾಟಿ ಹೋಗಬೇಕಾಗುತ್ತದೆ. ಪುಸ್ತಕವನ್ನು ತೆರೆದ ವಾಚಕರು ಶರಣರ ಮಾತನ್ನು ಕಾಣುತ್ತಾರೆಯೇ ಹೊರತು ಈ ಕೈಯನ್ನು ಕಾಣುವುದಿಲ್ಲ. ಕಾಣದಿರುವುದೇ ಅದಕ್ಕೆ ಶೋಭೆ. ಆದರೆ ಆ ಕೈ ಏನು ಮಾಡಿತೆಂಬುದನ್ನು ಯಾರೂ ವಿಚಾರಿಸದೆ ಹೋದರೆ, ನಾವು ನಿತ್ಯ ಪಾರಾಯಣ ಮಾಡುವ ವಚನದಲ್ಲಿ ಶರಣರದೆಷ್ಟು, ಲಿಪಿಕಾರನದೆಷ್ಟು, ನಿನ್ನೆಯ ಸಂಪಾದಕನದೆಷ್ಟು ಎಂಬುದು ತಿಳಿಯದೆ ಹೋಗುತ್ತದೆ. ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಎಷ್ಟೋ ಭಕ್ತನಿಗೂ ಅಷ್ಟೇ ಸಂಬಂಧಪಟ್ಟದ್ದು. ಈ ಬಗೆಗೆ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ‘ಸಂಪಾದನೆ’ ಎಂಬ ಶಬ್ದವನ್ನೇ ನೋಡೋಣ. ಸಂಪಾದನೆಯೆಂದರೆ ಗಳಿಕೆ. ಶರಣರ ಸಂವಾದಗಳನ್ನು ಪೋಣಿಸಿದ ಮಹಾಗ್ರಂಥಕ್ಕೆ ‘ಶೂನ್ಯಸಂಪಾದನೆ’ ಎಂದು ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಈ ಅರ್ಥವೇ. ಗ್ರಂಥವನ್ನು ಸಂಪಾದಿಸುವುದೆಂದರೆ ತಿದ್ದುವುದು ಎಂಬ ಅರ್ಥ ನಮ್ಮಲ್ಲಿ ಹೇಗೋ ಬೇರೂರಿದೆ. ಅದು ಸರಿಯಲ್ಲ. ಕಾಲವೂ ಕೈಬರೆಹವೂ ಮರೆಮಾಡಿದ ಪಾಠವನ್ನು ಶ್ರಮದಿಂದ ಗಳಿಸಿಕೊಳ್ಳುವುದು ಸಂಪಾದನೆ. ತಿದ್ದುವುದು ಅದರ ಕೊನೆಯ ಮೆಟ್ಟಿಲು. ಎಷ್ಟೋ ವೇಳೆ ಆ ಮೆಟ್ಟಿಲನ್ನು ಏರಬೇಕಾದ ಅಗತ್ಯವೇ ಬರುವುದಿಲ್ಲ.

ವಚನಗಳು ಹನ್ನೆರಡನೆಯ ಶತಮಾನದವು. ಆದರೆ ಆ ಶತಮಾನದ ಓಲೆಯ ಪ್ರತಿ ಒಂದೂ ನಮಗೆ ದೊರೆತಿಲ್ಲ. ನಮ್ಮ ಕೈಗೆ ಬಂದಿರುವ ಕಟ್ಟುಗಳು ಬಹುಮಟ್ಟಿಗೆ ಹದಿನೈದನೆಯ ಶತಮಾನದ ಈಚಿನವು, ಅಂದರೆ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರು ಕೈಗೊಂಡ ಸಂಕಲನಕಾರ್ಯದ ಫಲಗಳು, ಮತ್ತು ಅವುಗಳ ಪ್ರತಿಯ ಪ್ರತಿಗಳು. ನುಡಿದವನಿಗೂ ನಮಗೆ ದೊರೆತ ಮೊದಲ ಬರೆಹಕ್ಕೂ ನಡುವೆ ಮುನ್ನೂರು ವರ್ಷಗಳ ಅಂತರವಿದೆ. ಆ ಅಂತರದಲ್ಲಿ ವಚನಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿದವು. ಸಂಕಲನಕಾರರೂ ಬರಿಯ ನಕಲುಗಾರರಾಗಿರಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರು ಶೂನ್ಯಸಂಪಾದನೆಯನ್ನು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಸಿದ್ಧರಾಮರ ದೀಕ್ಷೆಯಂಥ ಪ್ರಸಂಗದಲ್ಲಿ ಈ ಪರಿಷ್ಕರಣಗಳು ಒಂದೇ ಮಾತನ್ನು ಹೇಳುವುದಿಲ್ಲ. ಆದುದರಿಂದ ನಾಲ್ಕನ್ನೂ ಕಲಸಿ ಒಂದು ‘ಶುದ್ಧ’ ಪಾಠವನ್ನು ಸಿದ್ಧಪಡಿಸಹೊರಟರೆ ಐದನೆಯದೊಂದು ಶೂನ್ಯಸಂಪಾದನೆ ಹುಟ್ಟೀತೇ ವಿನಾ ಮೊದಲನೆಯದು ದೊರೆಯದು. ಪ್ರತಿಯೊಂದನ್ನೂ ಅದರದರ ನೆಲೆಯಲ್ಲಿ ನಿಲ್ಲಿಸಿ ಓದುವುದೇ ಉಚಿತ ಮಾರ್ಗ.

ಇನ್ನು ಓಲೆಯ ಬರೆಹದ ಕಷ್ಟಗಳು. ತಾಡವಾಲೆಯನ್ನು ಕಾಣದ ತರುಣ ವಾಚಕರಿಗಾಗಿ ಕೆಲವನ್ನು ಹೇಳುತ್ತೇನೆ. ಹಳೆಯ ಬರೆಹದಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವನ್ನು ತೋರಿಸುವ ರೂಢಿಯಿಲ್ಲ. ‘ಹೊಗು’ ಎಂದರೆ ಒಳಗೆ ಬರುವುದು, ‘ಹೋಗು’ ಎಂದರೆ ಹೊರಟು ನಡೆಯುವುದು. ಓಲೆಯಲ್ಲಿ ಎರಡೂ ಒಂದೇ. ‘ತೆರು’ ಮತ್ತು ‘ತೇರು’, ‘ಕೊಡು’ ಮತ್ತು ‘ಕೋಡು’ ಇವುಗಳ ಗತಿಯೂ ಹೀಗೆಯೇ. ಮಹಾಪ್ರಾಣದ ಹೊಟ್ಟೆಸೀಳನ್ನು ಬರೆಹಗಾರರು ಅನೇಕ ವೇಳೆ ಬಿಟ್ಟುಬಿಡುತ್ತಾರೆ. ಆಗ ದನ ಯಾವುದು, ಧನ ಯಾವುದು ಎಂಬುದನ್ನು ಸಂದರ್ಭವೇ ಹೇಳಬೇಕು. ಪಕಾರ, ವಕಾರ, ಮಕಾರಗಳು ಮಸಿ ಮಾಸಿದ ಓಲೆಯಲ್ಲಿ ಒಂದರ ವೇಷವನ್ನು ಇನ್ನೊಂದು ತೊಟ್ಟು ನಿಲ್ಲುತ್ತವೆ.

ಇವೆಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಪದವಿಭಾಗ. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಸಾಲು ಒಂದೇ ಹರಿವಾಗಿ ಸಾಗುತ್ತದೆ. ‘ತಾನಿಲ್ಲದೆ’ ಎಂಬ ನಾಲ್ಕು ಅಕ್ಷರಗಳು ಓಲೆಯಲ್ಲಿವೆ ಎಂದಿಟ್ಟುಕೊಳ್ಳಿ. ‘ತಾನ್ ಇಲ್ಲದೆ’ ಎಂದು ಬಿಡಿಸಿದರೆ ಅಹಂಭಾವ ಅಳಿದ ಸ್ಥಿತಿ. ‘ತಾ ನಿಲ್ಲದೆ’ ಎಂದು ಬಿಡಿಸಿದರೆ ಎಲ್ಲಿಯೂ ನೆಲೆಗೊಳ್ಳದ ಅಲೆದಾಟ. ಒಂದು ಐಕ್ಯಸ್ಥಲದ ಮಾತು, ಇನ್ನೊಂದು ಭಕ್ತನ ಪೂರ್ವಾವಸ್ಥೆಯ ಕೊರಗು. ಅಚ್ಚಿನಲ್ಲಿ ಒಂದು ತೆರಪನ್ನು ಎಲ್ಲಿ ಇಡಬೇಕೆಂದು ಸಂಪಾದಕ ನಿರ್ಧರಿಸಿದೊಡನೆ ವಚನದ ಸ್ಥಲವೇ ಬದಲಾಗಿಬಿಡಬಹುದು. ವಾಚಕನಿಗೆ ಆ ತೆರಪು ಕಾಣುತ್ತದೆ. ಅದನ್ನು ಇಟ್ಟವರು ಯಾರೆಂಬುದು ಕಾಣುವುದಿಲ್ಲ.

ಅಂಕಿತದ ವಿಷಯವೂ ಇಂಥದೇ. ಬಸವಣ್ಣನವರದು ‘ಕೂಡಲಸಂಗಮದೇವ’, ಚೆನ್ನಬಸವಣ್ಣನವರದು ‘ಕೂಡಲಚೆನ್ನಸಂಗಮದೇವ’. ನಿದ್ದೆಗಣ್ಣಿನ ಲಿಪಿಕಾರನೊಬ್ಬ ‘ಚೆನ್ನ’ ಎಂಬ ಎರಡಕ್ಷರಗಳನ್ನು ಬಿಟ್ಟರೆ ಅಳಿಯನ ವಚನ ಸೋದರಮಾವನ ಪಾಲಿಗೆ ಸೇರಿಹೋಗುತ್ತದೆ. ಇಂಥ ಕಡೆ ಒಂದು ಪ್ರತಿಯನ್ನು ನಂಬಿ ತೀರ್ಮಾನಿಸುವುದು ಸಾಹಸ. ದೊರೆತ ಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಂಡು ಹೋಲಿಸಬೇಕು. ಯಾವ ಪ್ರತಿ ಯಾವುದರಿಂದ ಇಳಿದು ಬಂದಿದೆ ಎಂಬುದನ್ನು ಅವುಗಳ ಸಮಾನ ತಪ್ಪುಗಳಿಂದ ಗುರುತಿಸಬೇಕು. ಒಂದೇ ತಪ್ಪನ್ನು ಹೊತ್ತ ಹತ್ತು ಪ್ರತಿಗಳು ಸಾಕ್ಷಿಯ ದೃಷ್ಟಿಯಿಂದ ಒಂದೇ ಪ್ರತಿ. ತಲೆಗಳನ್ನು ಎಣಿಸಿ ತೀರ್ಪು ಹೇಳುವ ಪಂಚಾಯತಿ ಇದಲ್ಲ.

ಈ ಶಾಸ್ತ್ರಕ್ಕೆ ಕನ್ನಡದಲ್ಲಿ ಭದ್ರವಾದ ನೆಲೆಗಟ್ಟು ಇಲ್ಲದೆ ಇಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಹೊರಬಂದಿತು. ಎಂ. ಎಂ. ಕಲಬುರ್ಗಿಯವರು ಅದೇ ಕ್ಷೇತ್ರದಲ್ಲಿ ಶಾಸ್ತ್ರಗ್ರಂಥವನ್ನು ರಚಿಸಿದರು. ಅದಕ್ಕೂ ಹಿಂದೆ, ಶಾಸ್ತ್ರವೂ ಸಲಕರಣೆಯೂ ಇಲ್ಲದ ದಿನಗಳಲ್ಲಿ, ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಅವರು ವಚನಗಳನ್ನು ವಿಷಯಾನುಸಾರ ವಿಂಗಡಿಸಿದ್ದನ್ನು ಇಂದಿನ ಶಾಸ್ತ್ರದ ಅಳತೆಗೋಲಿನಿಂದ ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ನಿರಾಧಾರವಲ್ಲ. ಆದರೆ ಮನೆಗೆ ಬೆಂಕಿ ಬಿದ್ದಾಗ ಪೆಟ್ಟಿಗೆಗಳನ್ನು ಹೊರಗೆ ತಂದವನನ್ನು, ಅವುಗಳನ್ನು ಸಾಲಾಗಿ ಏಕೆ ಇಡಲಿಲ್ಲವೆಂದು ಕೇಳುವುದು ನ್ಯಾಯವಲ್ಲ. ಸಾಲಾಗಿ ಇಡುವ ಕೆಲಸವನ್ನು ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದವರು ಮಾಡಿದರು. 1993ರಲ್ಲಿ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ ಹೊರಬಂದಾಗ ಆ ಪರಂಪರೆ ಒಂದು ಘಟ್ಟವನ್ನು ಮುಟ್ಟಿತು.

ಹೀಗೆ ಶಾಸ್ತ್ರವನ್ನು ಹೊಗಳಿ ಮುಗಿಸಿದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ನನ್ನದೇ ಒಂದು ಅಪರಾಧವನ್ನು ಇಲ್ಲಿ ನಿವೇದಿಸಿಕೊಳ್ಳದೆ ಇದ್ದರೆ ಮೇಲಿನ ಮಾತುಗಳನ್ನು ಹೇಳುವ ಅಧಿಕಾರ ನನಗಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಉತ್ತರದ ಜಿಲ್ಲೆಯೊಂದರ ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದಾಗ, ಒಂದು ಮನೆಯವರು ತಮ್ಮ ಜಗುಲಿಯಲ್ಲಿದ್ದ ಚಿಕ್ಕ ಓಲೆಕಟ್ಟೊಂದನ್ನು ನನಗೆ ಕೊಟ್ಟರು. ಯಾರೋ ಅಜ್ಞಾತ ಶಿವಭಕ್ತನ ಪದಗಳು. ಬೇರೆ ಪ್ರತಿ ಎಲ್ಲಿಯೂ ಸಿಗಲಿಲ್ಲ. ರಾತ್ರಿ ಲಾಟೀನಿನ ಬೆಳಕಿನಲ್ಲಿ ನಕಲು ಮಾಡಿ, ತಪ್ಪೆಂದು ತೋರಿದುದನ್ನೆಲ್ಲ ತಿದ್ದಿ, ಊರವರ ವಂತಿಗೆಯಿಂದ ಪುಸ್ತಿಕೆಯನ್ನು ಅಚ್ಚುಹಾಕಿಸಿದೆನು. ಅದರಲ್ಲೊಂದು ಪದವು ಮನಸ್ಸು ಲಿಂಗವನ್ನು ಬಿಡದೆ ಸುತ್ತುವ ಬಗೆಯನ್ನು ವರ್ಣಿಸುತ್ತಿತ್ತು. ಅಲ್ಲಿ ಓಲೆಯಲ್ಲಿದ್ದ ಶಬ್ದ ‘ಹಂತಿ’. ನಾನು ಹಳೆಯ ಮೈಸೂರಿನ ಕಡೆ ಹುಟ್ಟಿ ಓದಿದವನು. ‘ಹಂತಿ’ ಎಂಬುದು ‘ಪಂಕ್ತಿ’ಯ ಅಪಭ್ರಷ್ಟ ರೂಪವೆಂದು ಭಾವಿಸಿದೆನು; ಪ್ರಸಾದದ ಪಂಕ್ತಿಯೆಂದು ಅರ್ಥ ಕಲ್ಪಿಸಿಕೊಂಡೆನು; ‘ಪಂಕ್ತಿ’ ಎಂದೇ ಅಚ್ಚು ಮಾಡಿಸಿದೆನು. ಅಡಿಟಿಪ್ಪಣಿ ಕೊಡಬೇಕೆಂಬ ಅರಿವು ಆಗ ನನಗಿರಲಿಲ್ಲ.

ಪುಸ್ತಿಕೆ ಹೊರಬಂದ ವರ್ಷ, ಸುಗ್ಗಿಯ ಕಾಲದಲ್ಲಿ, ಅಕ್ಷರ ಬಲ್ಲ ವೃದ್ಧ ಒಕ್ಕಲಿಗರೊಬ್ಬರು ಅದನ್ನು ಹಿಡಿದು ನನ್ನಲ್ಲಿಗೆ ಬಂದರು. ಆ ಪದವನ್ನು ತೋರಿಸಿ, ಮುಂದಿನ ಸಾಲಿನಲ್ಲಿ ಮೇಟಿಯೂ ಕಣವೂ ಬಂದಿರುವಾಗ ಇಲ್ಲಿ ಊಟದ ಪಂಕ್ತಿ ಹೇಗೆ ಕುಳಿತಿತೆಂದು ಕೇಳಿದರು. ನಾನು ಉತ್ತರ ಹೇಳಲಾರದೆ ಹೋದೆನು. ಅವರು ನನ್ನನ್ನು ತಮ್ಮ ಕಣಕ್ಕೆ ಕರೆದುಕೊಂಡು ಹೋದರು. ನಡುವೆ ಮೇಟಿ. ಅದರ ಸುತ್ತ ಒಂದಕ್ಕೊಂದು ಕಟ್ಟಿದ ಎತ್ತುಗಳ ಸಾಲು ತೆನೆಯನ್ನು ತುಳಿಯುತ್ತ ತಿರುಗುತ್ತಿತ್ತು. ಅದಕ್ಕೇ ಹಂತಿ ಎನ್ನುತ್ತಾರೆ. ಅದನ್ನು ಹೊಡೆಯುವಾಗ ಇರುಳೆಲ್ಲ ಹಾಡುವ ಹಾಡು ಹಂತಿಯ ಹಾಡು. ಮೇಟಿಯನ್ನು ಬಿಡದ ಹಂತಿಯಂತೆ ಲಿಂಗವನ್ನು ಬಿಡದ ಮನ, ತುಳಿದಷ್ಟೂ ಬೇರ್ಪಡುವ ಕಾಳು ಮತ್ತು ಹೊಟ್ಟು: ಆ ಭಕ್ತ ಕಂಡ ಚಿತ್ರ ಅದು. ನಾನು ಒಂದು ಶಬ್ದವನ್ನು ‘ಶುದ್ಧ’ಗೊಳಿಸಿ ಇಡೀ ಕಣವನ್ನೇ ಅಳಿಸಿಹಾಕಿದ್ದೆನು.

ವ್ಯುತ್ಪತ್ತಿಯ ದೃಷ್ಟಿಯಿಂದ ‘ಹಂತಿ’ಗೂ ‘ಪಂಕ್ತಿ’ಗೂ ನಂಟಿರಬಹುದು. ಆದರೆ ಶಬ್ದದ ಮೂಲ ಬೇರೆ, ಪದ್ಯದಲ್ಲಿ ಅದರ ಬಾಳು ಬೇರೆ. ಸಂಪಾದಕ ಗೌರವಿಸಬೇಕಾದುದು ಎರಡನೆಯದನ್ನು.

ತಪ್ಪನ್ನು ತಿದ್ದಿಕೊಳ್ಳಲು ಓಲೆಯನ್ನು ಮತ್ತೆ ನೋಡೋಣವೆಂದು ಆ ಮನೆಗೆ ಹೋದೆನು. ಪುಸ್ತಕ ಅಚ್ಚಾದ ಮೇಲೆ ಓಲೆಯ ಗೊಡವೆ ಯಾರಿಗೂ ಇರಲಿಲ್ಲ. ಕಟ್ಟನ್ನು ಅಟ್ಟದ ಮೇಲೆ ಇಟ್ಟಿದ್ದರು. ಗೆದ್ದಲು ಅದನ್ನು ಮುಗಿಸಿತ್ತು. ನನ್ನ ಕೈನಕಲಿನಲ್ಲಿಯೂ ಹೊಡೆದುಹಾಕಿದ ಮೂಲಪಾಠವಿರಲಿಲ್ಲ, ತಿದ್ದಿದ ಪಾಠವಷ್ಟೇ ಇತ್ತು. ‘ಹಂತಿ’ ಒಂದು ಜ್ಞಾಪಕದಲ್ಲಿ ಉಳಿದುದರಿಂದ ಬದುಕಿತು. ಉಳಿದ ತಿದ್ದುಪಡಿಗಳು ಎಷ್ಟು, ಎಲ್ಲೆಲ್ಲಿ ಎಂಬುದು ಇಂದು ನನಗೇ ತಿಳಿಯದು. ಆ ಭಕ್ತನ ಗ್ರಂಥಕ್ಕೆ ಈಗ ಉಳಿದಿರುವ ಏಕೈಕ ಸಾಕ್ಷಿ ನನ್ನ ಪುಸ್ತಿಕೆ. ಆ ಸಾಕ್ಷಿ ನಂಬತಕ್ಕುದಲ್ಲ.

ದಡ್ಡ ಲಿಪಿಕಾರನಿಗಿಂತ ಜಾಣ ಲಿಪಿಕಾರ ಅಪಾಯಕಾರಿ ಎಂದು ಸಂಪಾದನಶಾಸ್ತ್ರ ಹೇಳುವುದರ ಮರ್ಮ ನನಗೆ ತಿಳಿದದ್ದು ಹೀಗೆ. ದಡ್ಡನ ತಪ್ಪು ತಪ್ಪಾಗಿಯೇ ಕಾಣುತ್ತದೆ. ಜಾಣನ ತಪ್ಪು ಸರಿಯಾದ ಪಾಠದಂತೆ ಮೆರೆಯುತ್ತದೆ. ಸುಲಭ ಪಾಠವೂ ಕಠಿಣ ಪಾಠವೂ ಎದುರೆದುರು ನಿಂತಾಗ ಕಠಿಣವಾದುದಕ್ಕೆ ಮೊದಲು ಕಿವಿಗೊಡಬೇಕೆಂಬ ಸೂತ್ರದ ಆಧಾರವೂ ಇದೇ. ಯಾರೂ ಗೊತ್ತಿರುವ ಶಬ್ದವನ್ನು ತೆಗೆದು ಗೊತ್ತಿಲ್ಲದುದನ್ನು ಬರೆಯುವುದಿಲ್ಲ.

ಅರಿಯದೆ ತಿದ್ದುವುದು ಒಂದು ಬಗೆ. ಅರಿತು, ನಂಬಿಕೆಯಿಂದ ತಿದ್ದುವುದು ಇನ್ನೊಂದು ಬಗೆ. ‘ವಚನ ದೀಪ್ತಿ’ ಎಂಬ ಸಂಕಲನದಲ್ಲಿ ಬಸವಣ್ಣನವರ ‘ಕೂಡಲಸಂಗಮದೇವ’ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂದು ಅಚ್ಚಾದುದೂ, 1998ರಲ್ಲಿ ಸರಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡುದೂ, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿದುದೂ ವಾಚಕರಿಗೆ ತಿಳಿದ ಸಂಗತಿ. ಹಾಗೆ ಬದಲಿಸಿದವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಅಂಕಿತದ ಬಗೆಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಬಹುದು. ಅದನ್ನು ಪೀಠಿಕೆಯಲ್ಲಿ ವಿಸ್ತಾರವಾಗಿ ಮಂಡಿಸಲಿ, ಅಡಿಟಿಪ್ಪಣಿಯಲ್ಲಿ ವಾದಿಸಲಿ. ಓಲೆಗಳು ಒಕ್ಕೊರಲಿನಿಂದ ಹೇಳುವ ಪಾಠದ ಮೇಲೆ ಮಾತ್ರ ಕೈಯಿಡಬಾರದು. ಪೀಠಿಕೆ ಸಂಪಾದಕನ ಮನೆ, ಪಾಠ ಶರಣರ ಮನೆ. ಅಲ್ಲಿ ನಾವು ಅತಿಥಿಗಳು. ಈ ವಿವೇಕವನ್ನು ನ್ಯಾಯಾಲಯ ಕಲಿಸಬೇಕಾಗಿ ಬಂದುದು ನಮ್ಮೆಲ್ಲರಿಗೂ ವಿಷಾದದ ಸಂಗತಿ.

ಇಂದು ಮಠಗಳಿಂದಲೂ ಸಂಘಗಳಿಂದಲೂ ವಚನಗಳ ಚಿಕ್ಕ ಹೊತ್ತಗೆಗಳು ಹೇರಳವಾಗಿ ಬರುತ್ತಿವೆ. ಇದು ಸಂತೋಷದ ವಿಷಯವೇ. ಆದರೆ ಅನೇಕ ಹೊತ್ತಗೆಗಳಲ್ಲಿ ವಚನವನ್ನು ಯಾವ ಆವೃತ್ತಿಯಿಂದ ತೆಗೆದುಕೊಂಡರೆಂಬ ಒಂದು ಸಾಲಿನ ಉಲ್ಲೇಖವೂ ಇರುವುದಿಲ್ಲ. ಹಳೆಯ ರೂಪಗಳನ್ನು ಇಂದಿನ ವಾಚಕರಿಗೆ ಸುಲಭವಾಗಲೆಂದು ಸದ್ದಿಲ್ಲದೆ ಬದಲಿಸಿರುತ್ತಾರೆ. ಗಣಕಯಂತ್ರದಲ್ಲಿ ಒಂದು ಅಕ್ಷರವಿನ್ಯಾಸದಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು ಪಲ್ಲಟವಾಗುವುದೂ ಉಂಟು. ಓಲೆಯ ಲಿಪಿಕಾರನಾದರೋ ಗ್ರಂಥದ ಕೊನೆಯಲ್ಲಿ ತನ್ನ ತಪ್ಪುಗಳನ್ನು ಕ್ಷಮಿಸಬೇಕೆಂದು ಓದುವವರನ್ನು ಬೇಡಿಕೊಂಡು ಓಲೆಯನ್ನು ಕೆಳಗಿಡುತ್ತಿದ್ದನು. ಆ ವಿನಯ ನಮ್ಮ ಅಚ್ಚಿನ ಪುಸ್ತಕಗಳಿಗೆ ಇಳಿದು ಬರಲಿಲ್ಲ.

ಆದುದರಿಂದ ಪ್ರಕಟಣೆಗೆ ಕೈಯಿಡುವ ತರುಣರಲ್ಲಿ ನನ್ನ ಬಿನ್ನಹ ಇಷ್ಟೆ. ಮೊದಲು ಓಲೆಯಲ್ಲಿದ್ದುದನ್ನು ಇದ್ದಂತೆಯೇ ನಕಲು ಮಾಡಿರಿ, ತಪ್ಪನ್ನೂ ಸೇರಿಸಿ. ಅದರ ಛಾಯಾಪ್ರತಿಯನ್ನು ತೆಗೆಸಿರಿ. ಅರ್ಥವಾಗದ ಶಬ್ದವನ್ನು ನಿಘಂಟಿನಲ್ಲಿ ಹುಡುಕಿದ ಮೇಲೆ ಹೊಲದಲ್ಲಿಯೂ ಮಗ್ಗದ ಮನೆಯಲ್ಲಿಯೂ ಹುಡುಕಿರಿ. ಶರಣರು ಕಾಯಕದವರು, ಅವರ ಶಬ್ದಗಳು ಅಲ್ಲಿ ಇನ್ನೂ ಜೀವದಿಂದಿವೆ. ತಿದ್ದಲೇಬೇಕಾದರೆ ಕಂಸದಲ್ಲಿಟ್ಟು, ಮೂಲವನ್ನು ಅಡಿಯಲ್ಲಿ ಕೊಡಿರಿ. ಅಚ್ಚಾದ ಮೇಲೂ ಓಲೆಯನ್ನು ಕಾಪಾಡಿರಿ. ಅರ್ಥವಾಗದುದನ್ನು ಅರ್ಥವಾಗಲಿಲ್ಲವೆಂದು ಬರೆಯಲು ನಾಚಬೇಡಿರಿ.

ಆ ವೃದ್ಧರು ಈಗಿಲ್ಲ. ಕಣಗಳಲ್ಲಿ ಯಂತ್ರ ಬಂದು ಹಂತಿಯೂ ಅಪರೂಪವಾಗಿದೆ. ನನ್ನಲ್ಲಿ ಉಳಿದಿದ್ದ ಪುಸ್ತಿಕೆಯ ಪ್ರತಿಗಳಲ್ಲಿ ‘ಪಂಕ್ತಿ’ಯನ್ನು ಹೊಡೆದು ‘ಹಂತಿ’ ಎಂದು ಕೈಯಾರೆ ಬರೆದು, ಬದಿಯಲ್ಲಿ ಕಾರಣವನ್ನೂ ಬರೆದು, ಗ್ರಂಥಾಲಯಗಳಿಗೆ ಕಳುಹಿಸಿದ್ದೇನೆ. ಮಾರಾಟವಾಗಿ ಹೋದ ಪ್ರತಿಗಳು ಎಲ್ಲಿವೆಯೋ ತಿಳಿಯದು. ಅವುಗಳಲ್ಲಿ ಒಂದು ಈ ಲೇಖನವನ್ನು ಓದುವವರ ಮನೆಯಲ್ಲಿದ್ದರೆ, ದಯಮಾಡಿ ಆ ಒಂದು ಶಬ್ದವನ್ನು ತಿದ್ದಿಕೊಳ್ಳಬೇಕೆಂದು ಬೇಡುತ್ತೇನೆ. ಶರಣು.