ಬಾಗಿಲಿಗೆ ಬಂದವರು: ಮಲೆ ಮಾದೇಶ್ವರ ಕಾವ್ಯ ಮತ್ತು ಸಂಗ್ರಾಹಕರ ಪ್ರಯಾಣ

ಕನ್ನಡ ಜಾನಪದ ಅಧ್ಯಯನದ ಇತಿಹಾಸವು ಬಹುಮಟ್ಟಿಗೆ ಪ್ರಯಾಣಗಳ ಇತಿಹಾಸವೂ ಆಗಿದೆ. ಸಂಗ್ರಹವೊಂದರ ಪೀಠಿಕೆಯನ್ನು ತೆರೆದರೆ ಸಾಮಾನ್ಯವಾಗಿ ಮೊದಲು ಎದುರಾಗುವುದು ಹಾದಿಯ ವರ್ಣನೆ: ಬಸ್ಸು ನಿಂತ ಊರು, ಅಲ್ಲಿಂದ ನಡೆದ ದೂರ, ಹೆಗಲಿಗೇರಿದ ಧ್ವನಿಮುದ್ರಣ ಯಂತ್ರ, ಮೊದಲು ಹಿಂಜರಿದು ಅನಂತರ ಬೆಳಗಿನವರೆಗೆ ಹಾಡಿದ ಕಲಾವಿದ. ಪೀಠಿಕೆ ಮುಗಿದು ಪಠ್ಯ ಆರಂಭವಾದೊಡನೆ ಈ ಪ್ರಯಾಣ ಮರೆಯಾಗುತ್ತದೆ. ವಿಮರ್ಶೆಯೂ ಅದನ್ನು ಸಂಗ್ರಾಹಕರ ಶ್ರಮದ ಲೆಕ್ಕಕ್ಕೆ ಸೇರಿಸಿ ಮುಂದೆ ಸಾಗುತ್ತದೆ. ಆದರೆ ಹೋದವರು ಯಾರು, ಯಾರ ಬಾಗಿಲಿಗೆ ಹೋದರು, ಹೋಗಿ ಏನನ್ನು ಬೇಡಿದರು ಎಂಬುದು ಕೈಗೆ ಬರುವ ಪಠ್ಯದ ಸ್ವರೂಪವನ್ನೇ ನಿರ್ಧರಿಸುತ್ತದೆ. ಮಲೆ ಮಾದೇಶ್ವರ ಕಾವ್ಯದ ಮುದ್ರಿತ ಪಠ್ಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದಕ್ಕೆ ವಿಶೇಷ ಕಾರಣವಿದೆ. ಬಾಗಿಲಿಗೆ ಬಂದವನನ್ನು ಕುರಿತ ಜಿಜ್ಞಾಸೆ ಆ ಕಾವ್ಯದ ಒಳಗೇ ಇದೆ.

ಮಲೆಯ ಜನರನ್ನು ಕಂಡು ಬರೆಯುವ ಕೆಲಸ ಜಾನಪದ ವಿದ್ವಾಂಸರಿಂದ ಆರಂಭವಾದುದಲ್ಲ. ಶ್ರೀರಂಗಪಟ್ಟಣದ ಪತನದ ಮರುವರ್ಷವೇ, 1800ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಸೋಲಿಗರನ್ನು ಹೆಸರಿಸಿದ್ದಾನೆ. ಆ ಗ್ರಂಥ 1807ರಲ್ಲಿ ಪ್ರಕಟವಾಯಿತು. ಬೆಳೆ, ಮಣ್ಣು, ಕಂದಾಯ, ಜಾತಿ ಇವುಗಳ ಸಾಲಿನಲ್ಲಿ ಕಾಡಿನ ಜನರೂ ಒಂದು ಬಾಬತ್ತು. 1909ರ ಥರ್ಸ್ಟನ್ನನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳದೂ ಇದೇ ಮಾರ್ಗ. ಕನ್ನಡ ವಿದ್ವಾಂಸರ ಪ್ರಯಾಣ ಇದಕ್ಕಿಂತ ಭಿನ್ನವಾದುದು ನಿಜ. ಅದರ ಹಿಂದೆ ಭಾಷೆಯ ಅಭಿಮಾನವಿತ್ತು, ಹಾಡಿಕೆಯ ಬಗೆಗೆ ನಿಜವಾದ ಬೆರಗಿತ್ತು. ಪ್ರವಾಸಿಗಳು ಭಾರತವನ್ನು ಕುರಿತು ಬರೆದುದನ್ನು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಮೂಲಕ ಕನ್ನಡಕ್ಕೆ ತಂದ ಎಚ್.ಎಲ್. ನಾಗೇಗೌಡರೇ (1915–2005) ಜನಪದ ಗಾಯಕರನ್ನು ಹುಡುಕಿಕೊಂಡು ಹೋಗಿ ಧ್ವನಿಮುದ್ರಿಸಿಕೊಂಡವರೂ ಹೌದು ಎಂಬುದು ಆಕಸ್ಮಿಕವೆನಿಸಲಾರದು. ಹೊರಗಿನವನು ಏನನ್ನು ಕಾಣುತ್ತಾನೆ, ಏನನ್ನು ಕಾಣಲಾರ ಎಂಬುದರ ಅರಿವು ಅವರಿಗೆ ಎರಡು ಕಡೆಯಿಂದಲೂ ಒದಗಿತ್ತು.

ಈ ಪ್ರಯಾಣಗಳ ಒಂದು ತುದಿ ಬೆಂಗಳೂರಿನ ಪಶ್ಚಿಮ ಭಾಗದಲ್ಲಿದೆ. ಕನ್ನಡ ಅಧ್ಯಯನ ಕೇಂದ್ರವನ್ನುಳ್ಳ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಅದರ ಸಮೀಪದ ಮಲ್ಲತ್ತಹಳ್ಳಿಯಲ್ಲಿರುವ ಕಲಾಗ್ರಾಮ, ಕೆಂಗೇರಿಯನ್ನು ದಾಟಿ ಅದೇ ಮೈಸೂರು ರಸ್ತೆಯಲ್ಲಿ ಮುಂದೆ ರಾಮನಗರದ ಬಳಿ 1994ರಲ್ಲಿ ಆರಂಭವಾದ ಜಾನಪದ ಲೋಕ, ಇವೆಲ್ಲ ಒಂದೇ ದಾರಿಯ ನೆಲೆಗಳು. ದಕ್ಷಿಣದ ಮಲೆಗಳಿಗೆ ಕ್ಷೇತ್ರಕಾರ್ಯಕ್ಕೆ ಹೊರಟವರು ಹಾದುಹೋಗುವುದು ಈ ದಾರಿಯಲ್ಲಿ. ಕಲಾವಿದರು ನಗರಕ್ಕೆ ಬರುವುದೂ ಇದೇ ದಾರಿಯಲ್ಲಿ. ರಾಜಾಜಿನಗರ, ವಿಜಯನಗರಗಳ ರಾಜ್ಯೋತ್ಸವ ಮೆರವಣಿಗೆಯಲ್ಲಿ ಬೀಸು ಕಂಸಾಳೆಯವರನ್ನು ಕಂಡ ನಗರವಾಸಿಗೆ ಕಂಸಾಳೆಯೆಂದರೆ ಒಂದು ಕುಣಿತ. ಕೈಯ ಬಟ್ಟಲೂ ತಾಳವೂ ಮಿಂಚುವ ಆ ಹದಿನೈದು ನಿಮಿಷಗಳಲ್ಲಿ ಕಥೆಗೆ ಎಡೆಯಿಲ್ಲ. ಕಥೆಯನ್ನು ಬಯಸುವವರು ಈಗಲೂ ಗ್ರಂಥಾಲಯಕ್ಕೆ ಹೋಗಬೇಕು, ಇಲ್ಲವೆ ಬೆಟ್ಟಕ್ಕೆ ಹೋಗಬೇಕು.

ಗ್ರಂಥಾಲಯದಲ್ಲಿ ದೊರೆಯುವ ಪಠ್ಯಗಳಲ್ಲಿ ಎರಡು ಮುಖ್ಯವಾದವು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಹೊರತಂದ ‘ಮಲೆಯ ಮಾದೇಶ್ವರ’ ಈ ಕಥನವನ್ನು ‘ಜನಪದ ಮಹಾಕಾವ್ಯ’ ಎಂಬ ಹೆಸರಿನಿಂದ ಕರೆದು ವಿದ್ವತ್ ಲೋಕದ ಮುಂದಿಟ್ಟಿತು. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ‘ಮಲೆ ಮಾದೇಶ್ವರ’ವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು, ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು. ಇದು ಸಿ.ಎನ್. ರಾಮಚಂದ್ರನ್ ಹಾಗೂ ಎಲ್.ಎನ್. ಭಟ್ ಅವರ ಅನುವಾದದಲ್ಲಿ 2001ರಲ್ಲಿ ಇಂಗ್ಲಿಷಿಗೂ ಹೋಯಿತು. ಮಹಾಕಾವ್ಯವೆಂಬ ಹೆಸರು ತಂದ ಲಾಭ ದೊಡ್ಡದು. ಹೋಮರನ ಹೆಸರಿನ ಪಕ್ಕದಲ್ಲಿ ದೇವರಗುಡ್ಡನೊಬ್ಬನ ಹೆಸರನ್ನು ಸಂಕೋಚವಿಲ್ಲದೆ ಇಡಬಹುದೆಂಬ ಧೈರ್ಯ ಬಂದುದು ಆ ಹೆಸರಿನಿಂದ. ಅದರ ಬೆಲೆಯೂ ಇದೆ.

ದೇವರಗುಡ್ಡರು ಈ ಕಥನವನ್ನು ‘ಸಾಲು’ಗಳಾಗಿ ಹಾಡುತ್ತಾರೆ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಅವಕ್ಕೆ ಹೆಸರು. ಹಾಡಿಸುವ ಮನೆಯವರು ಬಯಸಿದ ಸಾಲನ್ನು ಒಂದು ರಾತ್ರಿಯ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಹೇಳುವುದು ಅವರ ಕ್ರಮ. ಹುಟ್ಟಿನಿಂದ ನೆಲೆನಿಲ್ಲುವವರೆಗೆ ಎಲ್ಲ ಸಾಲುಗಳನ್ನೂ ಅನುಕ್ರಮವಾಗಿ ಹಾಡಿ ಎಂದು ಕೇಳುವ ಮನೆಯೊಡೆಯ ಅಪರೂಪ. ಹಾಗೆ ಕೇಳುವವನು ಸಂಗ್ರಾಹಕ. ಆದ್ದರಿಂದ ಮುದ್ರಿತ ಮಹಾಕಾವ್ಯದ ಅಖಂಡತೆ ಗಾಯಕನ ನೆನಪಿನಲ್ಲಿದ್ದ ಸಾಧ್ಯತೆಯೇ ಹೊರತು ಊರಿನ ಅಂಗಳದಲ್ಲಿ ನಡೆಯುತ್ತಿದ್ದ ಸಂಗತಿಯಲ್ಲ. ಅದನ್ನು ಸಾಕಾರಗೊಳಿಸಿದ್ದು ಬಾಗಿಲಿಗೆ ಬಂದ ವಿದ್ವಾಂಸನ ಬೇಡಿಕೆ. ತುಳುವಿನ ಸಿರಿ ಕಾವ್ಯದ ಸಂದರ್ಭದಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ಇದನ್ನು ಮುಚ್ಚಿಡಲಿಲ್ಲ. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹೇಳಿದ 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾದಾಗ, ಪಠ್ಯವು ಹೇಗೆ ಪಠ್ಯವಾಯಿತು ಎಂಬುದಕ್ಕೇ ಒಂದು ಪ್ರತ್ಯೇಕ ಸಂಪುಟ ಮೀಸಲಾಯಿತು. ವಿವೇಕ ರೈ, ಚಿನ್ನಪ್ಪ ಗೌಡ ಅವರಂಥ ಕನ್ನಡ ವಿದ್ವಾಂಸರು ಆ ಕಾರ್ಯದಲ್ಲಿ ಜೊತೆಗಿದ್ದರು. ಆ ಬಗೆಯ ಪಠ್ಯೀಕರಣದ ವಿವರ ಕನ್ನಡದ ಇತರ ಜನಪದ ಕಾವ್ಯಗಳಿಗೂ ಒದಗಿದ್ದರೆ ವಿಮರ್ಶೆಯ ಕೆಲಸ ಅರ್ಧದಷ್ಟು ಹಗುರವಾಗುತ್ತಿತ್ತು.

ಇನ್ನು ಕಾವ್ಯದ ಒಳಗಿನ ಪ್ರಯಾಣ. ಮಲೆಯ ಮಾದಪ್ಪ ಮಲೆಯಲ್ಲಿ ಹುಟ್ಟಿದವನಲ್ಲ. ಉತ್ತರಾಜಮ್ಮನ ಮಗನಾದ ಆತ ಸುತ್ತೂರು ಮಠದಲ್ಲಿ ರಾಗಿ ಬೀಸಿ, ಕೊಳ್ಳೇಗಾಲದ ಬಳಿಯ ಕುಂತೂರು ಮಠವನ್ನು ಹಾದು, ಎಪ್ಪತ್ತೇಳು ಮಲೆಗೆ ಹೊರಗಿನಿಂದ ಬಂದವನು. ಬೆಟ್ಟದ ದೇವರೇ ಬೆಟ್ಟಕ್ಕೆ ಅತಿಥಿ. ಬಂದವನು ಮಲೆಯನ್ನು ಕಲಿಯಬೇಕು, ಹುಲಿಯನ್ನು ಪಳಗಿಸಬೇಕು, ಅಲ್ಲಿನವರ ಒಪ್ಪಿಗೆ ಪಡೆಯಬೇಕು. ಶ್ರವಣನ ಪ್ರಸಂಗದಲ್ಲಿ ಆತನಿಗೆ ಹರಳಯ್ಯನ ಕಸುಬು ಬೇಕಾಗುತ್ತದೆ. ಪಾದರಕ್ಷೆ ಹೊಲಿಯುವವನ ಕೈ ಇಲ್ಲದೆ ಅಸುರನ ವಧೆಯಿಲ್ಲ. ಗುಡಿ ಕಟ್ಟಲು ಆಲಂಬಾಡಿಯ ಜುಂಜೇಗೌಡನ ಸಂಪತ್ತು ಬೇಕು. ಬೇವಿನಹಟ್ಟಿ ಕಾಳಮ್ಮನ ಮನೆಯಲ್ಲಿ ಆತ ಭಿಕ್ಷುಕ. ಮನೆತುಂಬ ಇದ್ದೂ ಇಲ್ಲವೆಂದವಳು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ಹೀಗೆ ಸಾಲಿನಿಂದ ಸಾಲಿಗೆ ಮರುಕಳಿಸುವ ಸನ್ನಿವೇಶ ಒಂದೇ: ದಾರಿಯಿಂದ ಬಂದವನೊಬ್ಬ ಬಾಗಿಲಲ್ಲಿ ನಿಂತಿದ್ದಾನೆ, ಏನನ್ನೋ ಬೇಡುತ್ತಿದ್ದಾನೆ. ಈ ಸನ್ನಿವೇಶ ಹಾಡುವವನ ಬದುಕಿನದೂ ಆಗಿದೆ. ದೀಕ್ಷೆ ಪಡೆದ ದೇವರಗುಡ್ಡ ಜೋಳಿಗೆ, ಬೆತ್ತ, ಕಂಸಾಳೆಗಳೊಡನೆ ಮನೆಮನೆಗೆ ಹೋಗುವವನು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನು ವೃತ್ತಿಗಾಯಕ ಪರಂಪರೆಗಳ ನೆಲೆಯಿಂದ ವಿವೇಚಿಸಿದುದರ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಅಲೆಯುವ ವೃತ್ತಿಯೇ ಕಾವ್ಯದ ಕಟ್ಟಾಗಿ ಪರಿಣಮಿಸಿದೆ.

ಧ್ವನಿಮುದ್ರಣ ಯಂತ್ರ ಬಂದಾಗ ಈ ಸಂಬಂಧ ತಿರುಗಿತು. ಅಲೆಯುತ್ತಿದ್ದವನು ಒಂದೆಡೆ ಕುಳಿತ. ಮನೆಯಲ್ಲಿ ಕುಳಿತು ಕೇಳಬೇಕಾದವನು ಅಲೆಯುತ್ತ ಬಂದ. ಜೋಳಿಗೆ ಈಗ ಸಂಗ್ರಾಹಕನ ಹೆಗಲಲ್ಲಿದೆ. ಆತನೂ ಬೇಡಲು ಬಂದವನು ಎಂಬುದನ್ನು ಒಪ್ಪಿಕೊಂಡರೆ, ಕಾವ್ಯವೇ ಮುಂದಿಡುವ ಅಳತೆಗೋಲನ್ನು ಆತನಿಗೂ ಹಿಡಿಯಬೇಕಾಗುತ್ತದೆ. ಮಾದಪ್ಪ ಪಡೆದುದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡುತ್ತಾನೆ, ಪಡೆದವರ ಹೆಸರನ್ನು ತನ್ನ ಕಥೆಯೊಳಗೆ ಉಳಿಸಿಕೊಳ್ಳುತ್ತಾನೆ. ಹರಳಯ್ಯನ ಹೆಸರಿಲ್ಲದೆ ಶ್ರವಣನ ಕಥೆ ಹೇಳಲು ಬಾರದು. 1997ರ ಪಠ್ಯವು ಹೆಬ್ಬಣಿ ಮಾದಯ್ಯನವರ ಹೆಸರನ್ನು ಹೊತ್ತು ಬಂದಾಗ ಈ ಋಣದ ಒಂದು ಭಾಗ ಸಂದಿತು. ಆದರೆ ವಿದ್ವತ್ ಬರವಣಿಗೆಯ ರೂಢಿ ಇನ್ನೂ ಬದಲಾಗಿಲ್ಲ. ಉಲ್ಲೇಖಗಳಲ್ಲಿ ಬರುವುದು ಸಂಪಾದಕರ ಹೆಸರು. ಗಾಯಕ ‘ವಕ್ತೃ’ವಾಗಿ, ಅಂದರೆ ಮಾಹಿತಿ ಕೊಟ್ಟವನಾಗಿ ಅನುಬಂಧದಲ್ಲಿ ಉಳಿಯುತ್ತಾನೆ. ಕವಿಯನ್ನು ಮಾಹಿತಿದಾರನೆನ್ನುವ ಪದ ನಮ್ಮ ಪರಿಭಾಷೆಯಲ್ಲಿ ಇಷ್ಟು ಕಾಲ ಬಾಳಿದ್ದು ವಿಚಿತ್ರವೇ ಸರಿ. ಗ್ರಂಥಾಲಯ ಸೂಚಿಯಲ್ಲಿ ಗಾಯಕನ ಹೆಸರಿನಿಂದಲೂ ಕೃತಿಯನ್ನು ಹುಡುಕಲು ಬರುವಂತೆ ಮಾಡುವುದು ಸಣ್ಣ ತಾಂತ್ರಿಕ ಕೆಲಸ, ಅದರ ಅರ್ಥ ಸಣ್ಣದಲ್ಲ.

ಇದಕ್ಕಿಂತ ಜಟಿಲವಾದ ಪ್ರಶ್ನೆ ಸಂಕಮ್ಮನ ಸಾಲಿನಲ್ಲಿದೆ. ಜೇನು ಬೇಟೆಗಳಿಗೆಂದು ಮಲೆಗೆ ಹೊರಟ ನೀಲೇಗೌಡ ಹೆಂಡತಿಯಿಂದ ಪಾತಿವ್ರತ್ಯದ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡಲೊಲ್ಲಳು. ಹಿಂಸಿಸಿ, ಕೂಡಿಹಾಕಿ ಆತ ಹೊರಡುತ್ತಾನೆ. ಆಕೆಯ ಮೊರೆಗೆ ಓಗೊಟ್ಟ ಮಾದಪ್ಪ ಸಂತಾನದ ವರ ನೀಡುತ್ತಾನೆ. ಹುಟ್ಟಿದ ಕಾರಯ್ಯ, ಬಿಲ್ಲಯ್ಯರು ಆತನ ಸೇವೆಗೆ ಸಲ್ಲುತ್ತಾರೆ. ಹೆಣ್ಣಿನ ಪ್ರತಿರೋಧದ ನೆಲೆಯಿಂದ ಈ ಸಾಲನ್ನು ಓದುವುದು ಉಚಿತವೇ ಆಗಿದೆ. ಆದರೆ ಸಂಕಮ್ಮ ಸೋಲಿಗರವಳು, ಆಕೆಯ ಕಥೆ ಹಾಡುವವರು ಬಹುಪಾಲು ಬಯಲಿನ ನಾನಾ ಜಾತಿಗಳಿಂದ ಬಂದ ಗುಡ್ಡರು, ಬೆಟ್ಟದ ಗುಡಿಯ ಪೂಜೆ ಬೇಡಗಂಪಣರದು ಎಂಬ ಸಂಗತಿಗೆ ಇದೇ ಪ್ರಮಾಣದ ಗಮನ ಸಂದಿಲ್ಲ. ಕಾವ್ಯದಲ್ಲಿ ಕಾಣುವ ಸೋಲಿಗರ ಮನೆ ಬಯಲಿನಿಂದ ಕಂಡ ಮನೆ. ಅಲ್ಲಿನ ಗಂಡು ಸಂಶಯಗ್ರಸ್ತ, ಹೆಣ್ಣು ದುಃಖಿ, ಬಿಡುಗಡೆ ಹೊರಗಿನಿಂದ ಬರುವ ದೇವರಿಂದ. ಬಿಡುಗಡೆಗೆ ಮಕ್ಕಳೇ ಕಾಣಿಕೆ. ಈ ಪಠ್ಯವನ್ನು ಓದಿ ಗಿರಿಜನ ಸಂಸ್ಕೃತಿಯನ್ನು ಅರಿತೆವೆಂದುಕೊಳ್ಳುವ ವಿಮರ್ಶೆ, ಬೆಟ್ಟ ಹತ್ತುವ ಮುನ್ನವೇ ತಿರುಗಿ ಬಂದ ಪ್ರವಾಸಿಯಂತೆ ಬರೆಯುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ದೇವರ ಸಂಬಂಧ ಬೇರೆಯೇ ಬಗೆಯದು. ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದವನು, ಆದಕಾರಣ ಅವರಿಗೆ ಆತ ‘ಭಾವ’. ಭಾವನನ್ನು ಗೇಲಿ ಮಾಡಬಹುದು, ಪೂಜಿಸಲೂಬಹುದು. ಮಾದಪ್ಪನ ಕಾವ್ಯದ ಒಡೆಯ–ಒಕ್ಕಲು ಸಂಬಂಧದಲ್ಲಿ ಇಲ್ಲದ ಸಲಿಗೆ ಇಲ್ಲಿದೆ. ರೊಟ್ಟಿ ಹಬ್ಬದಲ್ಲಿ, ಗೊರುಕಾನ ಹಾಡುಗಳ ಕುಣಿತದಲ್ಲಿ, ದೊಡ್ಡ ಸಂಪಿಗೆಯ ಪೂಜೆಯಲ್ಲಿ ಕೇಳಿಬರುವುದು ಒಬ್ಬ ವೃತ್ತಿಗಾಯಕನ ದೀರ್ಘ ಕಥನವಲ್ಲ, ಗುಂಪಿನ ಹಾಡು. ಕಥನದ ಉದ್ದವನ್ನೇ ಹಿರಿಮೆಯ ಗುರುತಾಗಿ ಮಾಡಿಕೊಂಡ ಅಧ್ಯಯನಕ್ಕೆ ಇದು ಬಿಡಿ ಗೀತೆಗಳ ರಾಶಿಯಾಗಿ ತೋರುತ್ತದೆ. ಆಲ್ಬರ್ಟ್ ಲಾರ್ಡ್‌ನ 1960ರ ಗ್ರಂಥ ಯುಗೊಸ್ಲಾವಿಯದ ಕಥನಗಾಯಕರಿಂದ ರೂಪಿಸಿದ ಸಿದ್ಧಾಂತ ದೇವರಗುಡ್ಡರಿಗೆ ಹೊಂದುವಷ್ಟು ಸೋಲಿಗರ ಹಾಡಿಗೆ ಹೊಂದುವುದಿಲ್ಲ.

ಆ ಹಾಡುಗಳು ಹೊತ್ತಿರುವ ಹೊರೆಯೂ ಬೇರೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಮೇಲೆ ಸೋಲಿಗರು ಒಳಕಾಡಿನ ಪೋಡುಗಳನ್ನು ಬಿಡಬೇಕಾಯಿತು. ಬೇಟೆ, ಕುಮರಿ ಬೇಸಾಯಗಳು ನಿಂತವು. ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ವೈದ್ಯಕೀಯದಿಂದ ತೊಡಗಿ ಶಿಕ್ಷಣ, ಸಂಘಟನೆಗಳಿಗೆ ವಿಸ್ತರಿಸಿತು. ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾದ ಕಾಲದಲ್ಲೇ, 2011ರಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಅಶೋಕ ಪರಿಸರ ಸಂಶೋಧನಾ ಟ್ರಸ್ಟ್‌ನ ಸಂಶೋಧಕರು ಸೋಲಿಗರೊಡಗೂಡಿ ಕಾಡಿನ ಪವಿತ್ರ ತಾಣಗಳ ನಕಾಶೆ ಸಿದ್ಧಪಡಿಸಿದರು. ದೇವರು, ವೀರು, ಕಲ್ಲುಗುಡಿ, ಹೊಳೆ ಎಂದು ಹಿರಿಯರ ಬಾಯಲ್ಲಿದ್ದ ಹೆಸರುಗಳು ಅದರಲ್ಲಿ ನೆಲದ ಗುರುತುಗಳಾದವು. ಹಾಡಿನಲ್ಲಿ ಬರುವ ಸ್ಥಳನಾಮಗಳನ್ನು ಪ್ರಾಸಕ್ಕೆ ಬಂದ ಅಲಂಕಾರವೆಂದು ಬಿಟ್ಟುಬಿಡುವ, ಇಲ್ಲವೆ ಶಬ್ದಕೋಶದಲ್ಲಿ ‘ಒಂದು ಸ್ಥಳ’ ಎಂದು ಬರೆದು ಕೈತೊಳೆದುಕೊಳ್ಳುವ ಸಂಪಾದನ ಕ್ರಮ ಇಂಥ ಸಂದರ್ಭದಲ್ಲಿ ಬರಿಯ ಅಲಕ್ಷ್ಯವಾಗಿ ಉಳಿಯುವುದಿಲ್ಲ. ಒಂದು ಸಮುದಾಯ ಎಲ್ಲಿ ಬಾಳಿತ್ತು ಎಂಬುದರ ಸಾಕ್ಷ್ಯವನ್ನು ಅದು ಅಳಿಸುತ್ತದೆ.

ಮಾದೇಶ್ವರ ಕಾವ್ಯದ ಭೂಗೋಳಕ್ಕೂ ಈ ಮಾತು ಅನ್ವಯಿಸುತ್ತದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಸುತ್ತೂರು ಮೈಸೂರಿನಲ್ಲಿತ್ತು. ಗುಡ್ಡರ ಹಾಡು ಆ ಗಡಿಯನ್ನು ಅರಿಯದು. ಶಿವರಾತ್ರಿಯ ಹೊತ್ತಿಗೆ ಬೆಂಗಳೂರು, ರಾಮನಗರ, ಕನಕಪುರ ಕಡೆಗಳಿಂದ ಹೊರಟು ಸಂಗಮದ ಬಳಿ ಕಾವೇರಿಯನ್ನು ದಾಟಿ ಕಾಡಿನೊಳಗೆ ನಡೆದುಹೋಗುವ ಪರಿಷೆಯ ಜನ ಇಂದಿಗೂ ಈ ಭೂಗೋಳವನ್ನು ಕಾಲಿನಿಂದ ಓದುತ್ತಾರೆ. ಅವರ ಕೈಯಲ್ಲಿ ಸಂಪಾದಿತ ಪಠ್ಯವಿಲ್ಲ. ಯಾವ ಹಳ್ಳದ ಬಳಿ ಮಾದಪ್ಪ ತಂಗಿದ್ದ, ಯಾವ ಏರಿನಲ್ಲಿ ಸಂಕಮ್ಮನ ನೆನಪು ಬರಬೇಕು ಎಂಬುದನ್ನು ಜೊತೆಯ ಹಿರಿಯರು ಹೇಳುತ್ತ ಹೋಗುತ್ತಾರೆ. ಕೆಂಗೇರಿಯ ದಾರಿಯಲ್ಲಿ ವಾಹನವೇರಿ ಹೊರಡುವ ಸಂಶೋಧಕನಿಗೆ ಈ ಇನ್ನೊಂದು ದಾರಿಯ ಪರಿಚಯವಿದ್ದರೆ, ಮುಂದಿನ ಸಂಪಾದನೆಯಲ್ಲಿ ಸಾಲುಗಳ ಅನುಕ್ರಮವನ್ನು ಕಥೆಯ ಕಾಲಕ್ಕೆ ಬದಲಾಗಿ ನಡಿಗೆಯ ಹಾದಿಗೆ ಹೊಂದಿಸಿ ನೋಡುವುದು ಸಾಧ್ಯವಾದೀತು. ಸಂಕಮ್ಮನ ಸಾಲಿನ ಪಕ್ಕದಲ್ಲಿ ಸೋಲಿಗರೇ ಹೇಳುವ ಸಂಕಮ್ಮನಿಗೂ ಒಂದು ಪುಟ ತೆರೆದೀತು.