ಮಸಿ ಬಳಿದ ಮುಖ

ಅಮೆರಿಕದ ಗ್ರಿಫಿತ್ ಅವರ ‘ದಿ ಬರ್ತ್ ಆಫ್ ಎ ನೇಷನ್’ (೧೯೧೫) ಮೂಕಚಿತ್ರದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ದುರುಳರೆಂದು ಬಿಂಬಿಸಿದರು. ದ್ವೇಷದಿಂದ ಹುಟ್ಟಿದ ಇಂಥ ಚಿತ್ರಣ ಭಾವಹಿಂಸೆಯೇ ಸರಿ. ಕಪ್ಪು ಜನಾಂಗದ ಆಸ್ಕರ್ ಮಿಶೋ ೧೯೨೦ರ ‘ವಿದಿನ್ ಅವರ್ ಗೇಟ್ಸ್’ ಚಿತ್ರದಲ್ಲಿ ತಮ್ಮವರನ್ನು ಬಿಳಿಯರ ಗುಂಪು ಕೊಂದುದನ್ನು ತೋರಿಸಿದರು. ಆದರೂ ತಮ್ಮವರಲ್ಲಿಯ ವಂಚಕ ಬೋಧಕನನ್ನಾಗಲಿ, ಬಿಳಿಯರಲ್ಲಿಯ ದಾನಶೀಲೆಯನ್ನಾಗಲಿ ಮರೆಮಾಚಲಿಲ್ಲ. ಈ ಅನೇಕಾಂತ ದೃಷ್ಟಿಯೇ ಆ ಕೃತಿಯ ಹಿರಿಮೆ.

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಮಹಾವೀರ ಜಯಂತಿಗೆ ಮಕ್ಕಳಿಂದ ರೂಪಕವಾಡಿಸುವ ಶ್ರಾವಕರೂ ಟ್ರಸ್ಟಿನವರೂ ಇದನ್ನು ಮನನ ಮಾಡಬೇಕು. ಬೇಡನ ಪಾತ್ರದ ಬಾಲಕನ ಮುಖಕ್ಕೆ ಮಸಿ ಹಚ್ಚುವ ಮುನ್ನ ಪುರಾಣವನ್ನು ನೆನೆಯಲಿ: ಪುರೂರವನೆಂಬ ಬೇಡನ ಜೀವವೇ ಭವಾಂತರಗಳಲ್ಲಿ ಸಾಗಿ ವರ್ಧಮಾನ ಮಹಾವೀರಸ್ವಾಮಿಯಾಯಿತು.