ಹತ್ತು ಸಾವಿರದಲ್ಲಿ ಕಿವಿಗೆಷ್ಟು, ಡಬ್ಬಿಗೆಷ್ಟು?

ಹೆಬ್ಬೂರಿನಂಥ ಸಣ್ಣ ಊರಲ್ಲಿದ್ದು ಒಳ್ಳೆಯ ಸಂಗೀತ ಕೇಳಬೇಕೆನ್ನುವವರಿಗೆ ಹೆಡ್‌ಫೋನನ್ನು ಕಿವಿಗೆ ಹಾಕಿ ನೋಡಿ ಕೊಳ್ಳುವ ಭಾಗ್ಯವಿಲ್ಲ. ತುಮಕೂರಿಗೆ ಬಂದರೂ ಹೆಚ್ಚಾಗಿ ಸಿಗುವುದು ಗಾಜಿನ ಕಪಾಟಿನೊಳಗಿನ ಸೀಲು ಒಡೆಯದ ಡಬ್ಬ. ಹೀಗಾಗಿ ಆಯ್ಕೆಯೆಲ್ಲ ಯೂಟ್ಯೂಬ್ ವಿಮರ್ಶಕರ ಮಾತಿನ ಮೇಲೆ, ಆನ್‌ಲೈನಿನಲ್ಲಿ. ಆ ವಿಮರ್ಶಕರಿಗೋ ಡ್ಯಾಕು, ಆಂಪು, ಬೆಳ್ಳಿ ಲೇಪದ ಕೇಬಲ್ಲು ಎಂದರೆ ಮುಗಿಯದ ಉತ್ಸಾಹ. ಅದನ್ನು ಕೇಳಿ ಕೇಳಿ, ಕೈಯಲ್ಲಿ ಹತ್ತು ಸಾವಿರ ರೂಪಾಯಿ ಇರುವವರು ಹಣವನ್ನು ಮೂರು ಪಾಲು ಮಾಡಿ ಮೂರೂ ಸಾಧಾರಣ ವಸ್ತುಗಳನ್ನು ಮನೆಗೆ ತರುತ್ತಾರೆ. ಇದು ತಪ್ಪು ಲೆಕ್ಕ. ಹತ್ತರಲ್ಲಿ ಒಂಬತ್ತು ಪಾಲು ಹೆಡ್‌ಫೋನಿಗೇ ಹೋಗಬೇಕು.

ಕಾರಣ ಅಳತೆಯಲ್ಲೇ ಇದೆ. ಫೈಲಿನಲ್ಲಿರುವ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವುದು ಡ್ಯಾಕಿನ ಕೆಲಸ. ಫೋನಿನ ಚಾರ್ಜಿಂಗ್ ತೂತಿಗೆ ಸಿಕ್ಕಿಸುವ, ಸಾವಿರ ರೂಪಾಯಿ ಆಸುಪಾಸಿನ ಚೆನ್ನಾದ ಡಾಂಗಲ್ ಕೂಡ ಈ ಕೆಲಸವನ್ನು ಬಹುಪಾಲು ಶ್ರವ್ಯ ವ್ಯಾಪ್ತಿಯಲ್ಲಿ ಡೆಸಿಬೆಲ್ಲಿನ ಒಂದು ಸಣ್ಣ ಭಾಗದಷ್ಟೇ ಏರುಪೇರಿನೊಂದಿಗೆ ಮುಗಿಸುತ್ತದೆ. ಹೆಡ್‌ಫೋನಿನ ಕತೆ ಬೇರೆ. ಒಂದೇ ಬೆಲೆಯ ಎರಡು ಹೆಡ್‌ಫೋನುಗಳ ನಡುವೆ ಕೆಲವು ಕಂಪನಾಂಕಗಳಲ್ಲಿ ಐದರಿಂದ ಹತ್ತು ಡೆಸಿಬೆಲ್ ವ್ಯತ್ಯಾಸ ಸಾಮಾನ್ಯ, ಮತ್ತು ಹತ್ತು ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತೆ ಕೇಳುತ್ತದೆ. ತೆಂಗಿನ ಬುಡದ ಡ್ರಿಪ್ಪರ್ ಕಟ್ಟಿಕೊಂಡಿರುವಾಗ ಬೋರ್‌ವೆಲ್ಲಿನ ಮೋಟಾರು ಬದಲಿಸುವವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಆಡಿಯೋ ವಿಷಯಕ್ಕೆ ಬಂದಾಗ ಮಾತ್ರ ಅದನ್ನೇ ಮಾಡುತ್ತೇವೆ.

ನಾವು ಕೇಳುವುದೇನನ್ನು ಎಂಬುದನ್ನೂ ನೋಡಬೇಕು. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಮೆರೆದ ಕಾಲದ ರಂಗಗೀತೆಗಳು ನಮಗೆ ಉಳಿದಿರುವುದು 78 ಆರ್‌ಪಿಎಂ ಅರಗಿನ ಪ್ಲೇಟುಗಳಿಂದ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದ ಹಾಡು. 1925ರಲ್ಲಿ ವಿದ್ಯುತ್ ಮೈಕು ಬರುವವರೆಗೆ ಗಾಯಕರು ತುತ್ತೂರಿಯಂಥ ಕೊಳವೆಯ ಮುಂದೆ ಕೂಗಿ ಹಾಡಬೇಕಿತ್ತು. ಆಮೇಲೂ ಆ ತಟ್ಟೆಗಳಲ್ಲಿ ಉಳಿದದ್ದು ಮುಖ್ಯವಾಗಿ ಮಧ್ಯದ ಸ್ವರವಲಯ, ಅಂದರೆ ಕಂಠ ಮತ್ತು ಹಾರ್ಮೋನಿಯಂ. ಮೀಡಿಯಂ ವೇವ್ ರೇಡಿಯೋದಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಕಚೇರಿಗಳ ಹಣೆಬರಹವೂ ಇಷ್ಟೆ: ಐದು ಕಿಲೋಹರ್ಟ್ಸ್‌ನಿಂದಾಚೆಗೆ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಹಳೆಯ ಧ್ವನಿಮುದ್ರಣಕ್ಕೆ ಒಳ್ಳೆಯ ಹೆಡ್‌ಫೋನ್ ಯಾಕೆ, ದಂಡ ಎನ್ನುವವರಿದ್ದಾರೆ. ನಿಜವಾಗಿ ಬೇಕಾಗುವುದು ಇಲ್ಲೇ. ಅಂಗಡಿಯಲ್ಲಿ ಬೇಗ ಖರ್ಚಾಗಲೆಂದು ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಮೃದಂಗದ ಎಡಬದಿಯ ಗುಂಕಾರ ಊದಿಕೊಂಡು ಹಾಡುವವರ ಕಂಠದ ಮೇಲೆ ಬಂದು ಕೂರುತ್ತದೆ. ಬಲಬದಿಯ ಕರಣೆಯ ಮೇಲೆ ಬೀಳುವ ಬೆರಳಿನ ನಾದ ಮಂಕಾಗುತ್ತದೆ, ತಂಬೂರಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಈ ಕಾಯಿಲೆಗೆ ಇಪ್ಪತ್ತು ಸಾವಿರದ ಡ್ಯಾಕಿನಲ್ಲೂ ಮದ್ದಿಲ್ಲ.

ಸಿಡಿಗಿಂತ ಮೇಲ್ದರ್ಜೆಯ ಹೈ-ರೆಸ್ ಫೈಲುಗಳ ಅಭಿಮಾನಿಗಳು ಇಲ್ಲಿ ತಕರಾರು ತೆಗೆಯುತ್ತಾರೆ: ಅವುಗಳ ಸೊಗಸು ಕೇಳಲು ದುಬಾರಿ ಡ್ಯಾಕೇ ಬೇಕು ಎನ್ನುತ್ತಾರೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯೇ ಅವರಿಗೆ ಉತ್ತರ. ಉನ್ನತ ದರ್ಜೆಯ ಡಿಸ್ಕನ್ನು ನೇರವಾಗಿ ಒಮ್ಮೆ, ಸಿಡಿ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾಗಿ ಗುರುತಿಸಿದ್ದು ಅರ್ಧದಷ್ಟು. ನಾಣ್ಯ ಚಿಮ್ಮಿ ಹೇಳಿದರೂ ಅಷ್ಟೇ ಬರುತ್ತಿತ್ತು.

ಅಲೆಗೆ ಶಕ್ತಿ ತುಂಬುವ ಆಂಪ್ ಇಲ್ಲದಿದ್ದರೆ ಒಳ್ಳೆಯ ಹೆಡ್‌ಫೋನ್ ಏಳುವುದೇ ಇಲ್ಲ ಎಂಬ ಆಕ್ಷೇಪದಲ್ಲಿ ಮಾತ್ರ ತಿರುಳಿದೆ. ಅದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಡಬ್ಬದ ಮೇಲೆ 300 ಓಮ್, ಮಿಲಿವ್ಯಾಟಿಗೆ 100 ಡೆಸಿಬೆಲ್ ಎಂದಿದ್ದರೆ, ಒಂದು ವೋಲ್ಟ್ ಕೊಡುವ ಡಾಂಗಲ್ಲಿನಿಂದ 105 ಡೆಸಿಬೆಲ್ ಸಿಗುತ್ತದೆ. ಅಷ್ಟು ಜೋರಾಗಿ ದಿನವೂ ಕೇಳಿದರೆ ಕಿವಿಯೇ ಹೋದೀತು. 32 ಓಮ್, ಮಿಲಿವ್ಯಾಟಿಗೆ 90 ಡೆಸಿಬೆಲ್ ಎಂದಿದ್ದರೆ ಹಾಡಿನ ಏರು ಘಟ್ಟದಲ್ಲಿ 110 ಡೆಸಿಬೆಲ್ ಮುಟ್ಟಲು 100 ಮಿಲಿವ್ಯಾಟ್, ಅಂದರೆ 1.8 ವೋಲ್ಟ್, ಬೇಕು. ಅಷ್ಟು ಶಕ್ತಿ ಕೊಡಲಾಗದೆ ಸಣ್ಣ ಡಾಂಗಲ್ ಅಲ್ಲಿ ಸುಸ್ತಾಗುತ್ತದೆ. ಚಪ್ಪಟೆ ಪೊರೆಯಿಂದ ಸದ್ದು ಹೊರಡಿಸುವ ಕೆಲವು ಪ್ಲೇನಾರ್ ಮಾದರಿಗಳು ಈ ಜಾತಿಯವು. ಹತ್ತು ಸಾವಿರದ ಬಜೆಟ್ಟಿನವರು ಅಂಥವನ್ನು ದೂರ ಇಟ್ಟರೆ ಆಂಪಿನ ಖರ್ಚೂ ತಪ್ಪಿತು. ಜತೆಗೆ, ಕರೆಂಟು ಹೋಗಿ ಮನೆ ಅಗ್ಗದ ಇನ್ವರ್ಟರ್ ಮೇಲೆ ನಡೆಯುವಾಗ ಗೋಡೆಗೆ ಸಿಕ್ಕಿಸಿದ ಆಂಪು ಗುಂಯ್ ಎನ್ನುವ ಅಪಾಯವುಂಟು. ಬ್ಯಾಟರಿ ಮೇಲಿರುವ ಫೋನಿಗೆ ಆ ಕಾಟವಿಲ್ಲ. ಬ್ಲೂಟೂತ್ ಇಯರ್‌ಬಡ್ಡುಗಳು ಬಸ್ಸಿನಲ್ಲಿ ಅನುಕೂಲ, ಒಪ್ಪೋಣ. ಆದರೆ ಅವುಗಳೊಳಗಿನ ಬ್ಯಾಟರಿ ಕೆಲವು ವರ್ಷಕ್ಕೆ ಸೋಲುತ್ತದೆ, ತಂತಿಯದ್ದಕ್ಕೆ ತಂತಿ ಬದಲಿಸಿದರೆ ಸಾಕು.

ಒಂಬತ್ತು ಸಾವಿರ ಹೆಡ್‌ಫೋನಿಗೆ ಹೋದ ಮೇಲೆ ಉಳಿದ ಸಾವಿರದಲ್ಲಿ ಡಾಂಗಲ್ ಬರುತ್ತದೆ. ಸ್ವರವಲಯಗಳನ್ನು ಏರಿಸಿ ಇಳಿಸುವ ಈಕ್ವಲೈಜರ್ ಆ್ಯಪಿಗೆ ದುಡ್ಡು ಕೊಡಬೇಕಿಲ್ಲ. ಕಿವಿಯೊಳಗೆ ಸಿಕ್ಕಿಸುವ ಬಗೆಯದಾದರೆ ಡಬ್ಬದಲ್ಲಿ ಬರುವ ಮೂರೂ ಅಳತೆಯ ರಬ್ಬರ್ ಟಿಪ್ಪುಗಳನ್ನು ಹಾಕಿ ನೋಡಿ. ಸಂದು ಉಳಿದರೆ ಬೇಸ್ ಸೋರಿಹೋಗುತ್ತದೆ, ಜನ ಅದಕ್ಕೇ ಹೊಸ ಆಂಪ್ ಹುಡುಕುತ್ತಾರೆ. ವಾಪಸ್ ಪಡೆಯುವ ಕಡೆ ಮಾತ್ರ ಕೊಳ್ಳಿ, ಬಾಯಿಪಾಠವಾಗಿರುವ ಎರಡು ಹಾಡು ಹಾಕಿ ಅವಧಿ ಮುಗಿಯುವವರೆಗೂ ಕೇಳಿ, ಕಂಠ ಹಿತವಾಗದಿದ್ದರೆ ದಾಕ್ಷಿಣ್ಯವಿಲ್ಲದೆ ಹಿಂದಿರುಗಿಸಿ.